ಅಕ್ಕ ಕೂತರೆ ಓಡುವ ಟ್ರ್ಯಾಕ್ಟರು

ನಮ್ಮ ಭಾವನ ಮನೆಯಲ್ಲಿ ಕೆಟ್ಟ ವಸ್ತುಗಳು ಎರಡು ಬಗೆ. ತಾವಾಗಿ ಕೆಟ್ಟವು ಒಂದು ಬಗೆ, ಭಾವ ರಿಪೇರಿ ಮಾಡಿದ್ದರಿಂದ ಕೆಟ್ಟವು ಇನ್ನೊಂದು ಬಗೆ. ಎರಡನೆಯವು ಮನೆ ತುಂಬ ಇವೆ. ಮೊದಲನೆಯದನ್ನು ನಾನಿನ್ನೂ ಕಂಡಿಲ್ಲ!

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಭಾವ-ಭಾಮೈದರು ಒಬ್ಬರನ್ನೊಬ್ಬರು ಲೇವಡಿ ಮಾಡುವುದಕ್ಕೆ ನಮ್ಮ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಮುಂದೆ ನಾನು ಹೇಳುವುದನ್ನು ಕೇಳಿ ಯಾರೂ ಬೇಜಾರಾಗಬಾರದು. ಭಾವನಂತೂ ಆಗುವುದಿಲ್ಲ. ದೊಡ್ಡ ಮನಸ್ಸು ಅಂತಲ್ಲ, ತಮ್ಮನ್ನು ಯಾರಾದರೂ ಲೇವಡಿ ಮಾಡಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಮಧುಗಿರಿಯ ಕೋರ್ಟಿಗೆ ಗುಮಾಸ್ತರಾಗಿ ಸೇರಿ, ಅಲ್ಲೇ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು ಅವರು. ಜಡ್ಜ್ ಸಾಹೇಬರ ಪೀಠದ ಕೆಳಗಿನ ಮೇಜಿನಲ್ಲಿ ಕೂತು ಕೂತು, ಮೇಲೆ ಕೂತವರಿಗಿಂತ ತಮಗೇ ಹೆಚ್ಚು ಗೊತ್ತು ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಅವರು ಕೋರ್ಟು ಬಿಟ್ಟರು, ಕೋರ್ಟು ಅವರನ್ನು ಬಿಡಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ನೀವು ನಾವು ಏನು ಮಾಡುತ್ತೇವೆ? ಒಂದು ಚಿಟಿಕೆ ಉದುರಿಸಿಕೊಂಡು ಉಣ್ಣುತ್ತೇವೆ. ಭಾವ ಹಾಗಲ್ಲ. ಕಲಸಿದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿ, "ಉಪ್ಪು ಹಾಕಿದ್ದನ್ನ ನೋಡ್ದೋರು ಯಾರು?" ಎಂದು ಕೇಳುತ್ತಾರೆ.

"ಸಾಸಿವೆ ಡಬ್ಬ ನೋಡ್ತು. ಕೂಗ್ಲಾ?" ಎನ್ನುತ್ತಾಳೆ ಅಕ್ಕ.

ಅಕ್ಕ ಇಲ್ಲದಿದ್ದರೆ ಆ ಮನೆ ಎಂದೋ ಸ್ಕ್ರೂ ಸ್ಕ್ರೂ ಆಗಿ ಬಿಡಿಯಾಗಿ ಹೋಗುತ್ತಿತ್ತು. ಒಂದು ಸಲ ಮಿಕ್ಸಿ ಸದ್ದು ಜಾಸ್ತಿ ಮಾಡುತ್ತದೆ ಎಂದು ಭಾವ ಅದನ್ನು ಬಿಚ್ಚಿ ಹಜಾರದ ತುಂಬ ಹರಡಿದರು. ಮತ್ತೆ ಜೋಡಿಸಿದಾಗ ಸದ್ದು ಪೂರ್ತಿ ನಿಂತಿತು. ಮಿಕ್ಸಿಯೂ ನಿಂತಿತು. "ದೂರು ಇದ್ದಿದ್ದು ಸದ್ದಿನ ಬಗ್ಗೆ. ಸದ್ದು ನಿಂತ್ತೋ ಇಲ್ವೋ?" ಎಂದರು ಭಾವ. ಪ್ರತಿ ರಿಪೇರಿಯಲ್ಲೂ ನಾಲ್ಕಾರು ಸ್ಕ್ರೂ ಮಿಕ್ಕುತ್ತವೆ. ಅವನ್ನು ಉಪ್ಪಿನಕಾಯಿಯ ಹಳೇ ಬಾಟಲಿಗೆ ತುಂಬಿಡುತ್ತಾರೆ. "ಕಂಪನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ ಕಣಯ್ಯಾ!"

ಇಂಥವರ ಕೈಗೆ ಒಂದು ಟ್ರ್ಯಾಕ್ಟರು ಸಿಕ್ಕರೆ ಏನಾದೀತು, ನೀವೇ ಹೇಳಿ!

ದೊಡ್ಡೇರಿ ರಸ್ತೆಯಲ್ಲಿ ಭಾವನಿಗೆ ಒಂದು ತೋಟವಿದೆ. ಹುಣಸೆ, ಮಾವು, ಬೇಲಿಯಂಚಿಗೆ ಒಂದಷ್ಟು ತೆಂಗು. ನಿವೃತ್ತರಾದ ಮೇಲೆ ಅಲ್ಲೇ ಒಂದು ಮನೆ ಕಟ್ಟಿಕೊಂಡು, ಮಧುಗಿರಿಯ ಪೇಟೆಯಿಂದ ಅಕ್ಕನನ್ನೂ ಮಿಕ್ಸಿಯನ್ನೂ ಅಲ್ಲಿಗೆ ಸಾಗಿಸಿದರು. ಮಳೆ ಬಿದ್ದರೆ ಮರಗಳ ನಡುವೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹಾವು ಹರಿದಾಡಿದರೂ ಕಾಣುವುದಿಲ್ಲ. ಇದಕ್ಕೆ ಸುಲಭದ ಉಪಾಯ ಪಕ್ಕದಲ್ಲೇ ಇತ್ತು. ಆಚೆ ಹಟ್ಟಿಯ ಜುಂಜಣ್ಣನಿಗೆ ದೊಡ್ಡ ಕುರಿಮಂದೆಯಿದೆ. ಪ್ರತಿ ವರ್ಷ ಬಂದು ಬೇಲಿಯಾಚೆ ನಿಂತು, "ಸ್ವಾಮೇರೆ, ಕುರಿ ಬುಡ್ಲಾ? ಹುಲ್ಲೂ ಓಯ್ತದೆ, ಗೊಬ್ರಾನೂ ಬೀಳ್ತದೆ" ಎಂದು ಕೇಳುತ್ತಿದ್ದ.

ಭಾವ ಒಪ್ಪಬೇಕಲ್ಲ! "ಕುರಿಗೆ ಶಿಸ್ತು ಅನ್ನೋದಿಲ್ಲ. ಹುಲ್ಲು ತಿನ್ನು ಅಂದ್ರೆ ಮಾವಿನ ಸಸಿ ತಿನ್ತದೆ. ಬೇಲಿ ದಾಟಿದ್ರೆ ಅತಿಕ್ರಮ ಪ್ರವೇಶ, ನೆನಪಿರ್ಲಿ!"

ಅದೇ ಹೊತ್ತಿಗೆ ಶಿರಾ ಕಡೆ ಹೆದ್ದಾರಿಯ ಪಕ್ಕ ಒಂದು ರೆಸಾರ್ಟ್ ಮುಚ್ಚಿಹೋಗಿ, ಅದರ ಸಾಮಾನು ಹರಾಜಿಗೆ ಬಂತು. ಜನ ಮಂಚ ಕೊಂಡರು, ಫ್ಯಾನು ಕೊಂಡರು, ಬಾಗಿಲು ಕೊಂಡರು. ಭಾವ ಮಾತ್ರ ಯಾರೂ ಕೈಯೆತ್ತದ ಒಂದು ವಸ್ತುವಿಗೆ ಕೈಯೆತ್ತಿದರು. ಅದು ಹುಲ್ಲುಹಾಸು ಕತ್ತರಿಸುವ ವಿದೇಶದ ಪುಟ್ಟ ಟ್ರ್ಯಾಕ್ಟರು. ಬಣ್ಣ ಒಂದು ಕಾಲಕ್ಕೆ ಕೆಂಪಿತ್ತು ಎಂದು ನಂಬಬಹುದಿತ್ತು. ಎತ್ತರ ನಮ್ಮ ಕಡೆಯ ಕರುವಿನಷ್ಟು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತಂತೆ. ಅದನ್ನು ಕೊಂಡ ರೆಸಾರ್ಟೂ ಬಾಗಿಲು ಹಾಕಿತು. ಇಷ್ಟಾದ ಮೇಲೂ ಭಾವನಿಗೆ ಸೂಚನೆ ಸಿಗಲಿಲ್ಲ.

ಟೆಂಪೋದಿಂದ ಅದನ್ನು ಇಳಿಸುವಾಗ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಜುಂಜಣ್ಣ ಕಂಬಳಿ ಹೆಗಲಿಗೇರಿಸಿಕೊಂಡು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದ. ಅದರ ಮೂತಿ ಸವರಿದ. ಆಮೇಲೆ ಬಹಳ ಗಂಭೀರವಾಗಿ ಕೇಳಿದ: "ಇದು ದೊಡ್ಡದಾದ್ಮ್ಯಾಕೆ ಉಳುಮೆಗೆ ಬತ್ತದಾ ಸ್ವಾಮೇರೆ?"

"ಇದು ಇರೋದೇ ಇಷ್ಟು ಕಣಯ್ಯಾ!"

"ಅಯ್ಯೋ ಪಾಪ. ಹಾಲು ಸಾಲ್ದೇನೋ."

ಅವತ್ತಿನಿಂದ ಅದಕ್ಕೆ 'ಸ್ವಾಮೇರ ಕರು' ಎಂದೇ ಹೆಸರಾಯಿತು.

ಆದರೂ ನ್ಯಾಯವಾಗಿ ಹೇಳಬೇಕು, ಕರು ಓಡಿತು. ಸೀಟಿನ ಮೇಲೆ ಕೂತು ಎಂಜಿನ್ ಶುರು ಮಾಡಿ, ಮುಂದಿರುವ ಹಳದಿ ಗುಬಟನ್ನು, ಅಂದರೆ ಎಳೆಯುವ ಸ್ವಿಚ್ಚನ್ನು, ಮೇಲಕ್ಕೆಳೆದರೆ ಹೊಟ್ಟೆಯ ಕೆಳಗಿನ ಬ್ಲೇಡುಗಳು ತಿರುಗುತ್ತವೆ. ಗುಬಟು ಎಳೆದಾಗ ಬ್ಯಾಟರಿಯ ಕರೆಂಟು ಒಂದು ದುಂಡನೆಯ ಕ್ಲಚ್ಚಿಗೆ ಹೋಗುತ್ತದೆ. ಅದು ಕರೆಂಟ್ ಇದ್ದಷ್ಟು ಹೊತ್ತು ಅಯಸ್ಕಾಂತವಾಗಿ, 'ಟಕ್' ಎಂದು ಬ್ಲೇಡಿನ ಗಾಲಿಯನ್ನು ಕಚ್ಚಿ ಹಿಡಿದು ಎಂಜಿನ್ ಜೊತೆ ತಿರುಗಿಸುತ್ತದೆ. ಕರೆಂಟ್ ತಪ್ಪಿದರೆ ಬಿಟ್ಟುಬಿಡುತ್ತದೆ. ಇಷ್ಟೇ. ಈ ಇಷ್ಟನ್ನು ಭಾವ ತೋಟಕ್ಕೆ ಬಂದವರಿಗೆಲ್ಲ ವಿವರಿಸುತ್ತಿದ್ದರು. ವಿದ್ಯುತ್ ಮೀಟರ್ ನೋಡಲು ಬಂದವನು ಕೂಡ ಈ ಪಾಠ ಮುಗಿಯದೆ ಚೀಟಿ ಕೊಟ್ಟು ಹೋಗುವಂತಿರಲಿಲ್ಲ.

ಹಾಗೇ ಓಡಿಸಿಕೊಂಡು ಸುಮ್ಮನಿದ್ದರೆ ಅವರು ನಮ್ಮ ಭಾವ ಹೇಗಾದಾರು? ಸೀಟು ಕುಕ್ಕುತ್ತದೆ, ಸೊಂಟ ನೋಯುತ್ತದೆ ಎಂದು ಹಳೇ ಸ್ಕೂಟರಿನ ಒಂದು ಸ್ಪ್ರಿಂಗ್ ತಂದು ಸೀಟಿನ ಅಡಿಗೆ ತುರುಕಿದರು. ಅದು ಎಂಥ ಬಿಗಿಯಾದ ಸ್ಪ್ರಿಂಗ್ ಎಂದರೆ, ಅದರ ಮೇಲೆ ಕೂತವರನ್ನು ಸೀಟು ಹೊತ್ತಿದೆಯೋ ಒದೆಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಭಾವ ಮಾತ್ರ ತಲೆಗೆ ಟವೆಲ್ ಸುತ್ತಿ, ಕಪ್ಪು ಕನ್ನಡಕ ಹಾಕಿಕೊಂಡು, ಮೇಲೆ ಕೆಳಗೆ ಪುಟಿಯುತ್ತ ಮರಗಳ ನಡುವೆ ಸವಾರಿ ಮಾಡುತ್ತಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ತೋಟ ಆಗತಾನೆ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಿತ್ತು. ಬೇಲಿಯಾಚೆಯಿಂದ ಜುಂಜಣ್ಣನ ಕುರಿಗಳು ನಿಟ್ಟುಸಿರು ಬಿಡುತ್ತಿದ್ದವು.

ಈ ವರ್ಷ ಕರು ಮುಷ್ಕರ ಹೂಡಿತು.

ಮೊದಲು ಹಳ್ಳ ದಿಣ್ಣೆ ಬಂದಾಗಲೆಲ್ಲ ಬ್ಲೇಡು ನಿಲ್ಲುತ್ತಿತ್ತು. ಆಮೇಲೆ ಸಮ ನೆಲದಲ್ಲೂ ನಿಂತಿತು. ಕೊನೆಗೆ ಎಂಜಿನ್ ಮಾತ್ರ ಭೋರೆನ್ನುತ್ತಿತ್ತು, ಗುಬಟು ಎಳೆದರೆ ಕೆಳಗೆ ಜಪ್ಪಯ್ಯ ಎಂದರೂ ಸದ್ದಿಲ್ಲ. ಭಾವ ತೋಟದ ತುಂಬ ಸುಮ್ಮನೆ ಸುತ್ತಾಡಿ ಬಂದರು. ಹುಲ್ಲು ಬಾಗಿ, ಕರು ದಾಟಿಹೋದ ಮೇಲೆ ಮತ್ತೆ ನೆಟ್ಟಗೆ ನಿಂತು ತಲೆಯಾಡಿಸಿತು.

"ಮೆಕ್ಯಾನಿಕ್ ಕರ್ಸೋಣ ಭಾವ" ಎಂದೆ. ನಾನು ಮಧುಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಭಾನುವಾರ ಅಂಗಡಿಗೆ ರಜೆ. ಭಾನುವಾರವೆಲ್ಲ ಅಕ್ಕನ ಕೈಯಡುಗೆ, ಭಾವನ ಕೈಚಳಕ, ಎರಡನ್ನೂ ಅನುಭವಿಸಲು ತೋಟಕ್ಕೆ ಹೋಗುತ್ತೇನೆ.

"ಆರೋಪಿ ಯಾರು ಅಂತ ಗೊತ್ತಾಗೋ ಮುಂಚೆ ಪೊಲೀಸ್ ಕರ್ಸಿದ್ರೆ ಏನ್ಮಾಡ್ತಾರೆ? ಕೈಗೆ ಸಿಕ್ಕಿದೋರ್ನೆಲ್ಲ ಬಡೀತಾರೆ. ಮೊದ್ಲು ವಿಚಾರಣೆ ನಡೀಲಿ!" ಎಂದರು ಭಾವ.

ವಿಚಾರಣೆ ನಡೆಯಿತು. ಮೊದಲ ಆರೋಪಿ ಬ್ಯಾಟರಿ. ಅದನ್ನು ಬಿಚ್ಚಿ ಮಧುಗಿರಿಗೆ ಕಳಿಸಿ ಚಾರ್ಜ್ ಮಾಡಿಸಿದ್ದಾಯಿತು. ಅದು ಮೈತುಂಬಿಕೊಂಡು ವಾಪಸು ಬಂತು, ಬ್ಲೇಡು ತಿರುಗಲಿಲ್ಲ. ಬ್ಯಾಟರಿ ಖುಲಾಸೆ. ಎರಡನೆಯ ಆರೋಪಿ ಫ್ಯೂಸು. ಅದನ್ನು ಬಿಸಿಲಿಗೆ ಹಿಡಿದು, ಕನ್ನಡಕ ತೆಗೆದು ನೋಡಿ, ಹಾಕಿಕೊಂಡು ನೋಡಿ, ಕೊನೆಗೆ ನನ್ನ ಕೈಗೆ ಕೊಟ್ಟು ನೋಡಿಸಿದರು. ಸರಿಯಾಗಿಯೇ ಇತ್ತು. ಮೂರನೆಯ ಆರೋಪಿ ಇಲಿ. ಯಾವುದೋ ಒಂದು ವೈರಿನ ಮೇಲೆ ಹಲ್ಲಿನ ಗುರುತು ಸಿಕ್ಕಿತು. ಭಾವನಿಗೆ ಆದ ಆನಂದ ಹೇಳತೀರದು! ಆ ವೈರನ್ನು ಬದಲಿಸಿದರು. ಇಲಿಯನ್ನು ಹಿಡಿಯಲು ಬೋನಿಟ್ಟರು. ಇಲಿ ಬಿತ್ತು, ಬ್ಲೇಡು ತಿರುಗಲಿಲ್ಲ. ಅದು ಮುಂದಿನ ದೀಪದ ವೈರಂತೆ. ದೀಪ ಈಗ ಹಗಲು ಹೊತ್ತಿನಲ್ಲೂ ಉರಿಯತೊಡಗಿತು, ಅದು ಬೇರೆ ಮಾತು.

ಆಮೇಲೆ ಕ್ಲಚ್ಚಿನ ಎರಡು ತಟ್ಟೆಗಳ ನಡುವಿನ ಸಂದಿಯ ಮೇಲೆ ಅನುಮಾನ ಬಂತು. ಸಂದಿ ಜಾಸ್ತಿಯಾದರೆ ಅಯಸ್ಕಾಂತಕ್ಕೆ ಎಟುಕುವುದಿಲ್ಲ, ಕಡಿಮೆಯಾದರೆ ಬಿಡಿಸಿಕೊಳ್ಳುವುದಿಲ್ಲ. ಅದನ್ನು ಅಳೆಯಲು ತೆಳ್ಳನೆಯ ಉಕ್ಕಿನ ಪಟ್ಟಿಗಳಿರುತ್ತವಂತೆ. ಅವು ಭಾವನ ಬಳಿ ಇರಲಿಲ್ಲ. ಇದ್ದದ್ದು ಮದುವೆಯ ಕರೆಯೋಲೆಗಳ ಕಟ್ಟು. ಒಂದೊಂದೇ ಕರೆಯೋಲೆಯನ್ನು ಸಂದಿಗೆ ತೂರಿಸಿ ನೋಡಿದರು. ಬಂಧುಗಳ ಮನೆಯವು ತೀರಾ ತೆಳು. ಮಿಡಿಗೇಶಿ ಕಡೆಯ ಒಬ್ಬ ಕಂಟ್ರಾಕ್ಟರ ಮಗಳ ಮದುವೆಯದು ರಟ್ಟಿನಷ್ಟು ದಪ್ಪವಿದ್ದು ಸರಿಹೊಂದಿತು.

"ನಮ್ಮೋರಲ್ಲಿ ಒಬ್ರಾದ್ರೂ ಒಂದು ಒಳ್ಳೇ ಕಾರ್ಡು ಹಾಕ್ಸಿದಾರಾ ನೋಡು" ಎಂದು ಭಾವ ನನ್ನ ಮುಖ ನೋಡಿದರು. ನನ್ನ ಮಗನ ಮದುವೆಯ ಕರೆಯೋಲೆ ಅವರ ಕಾಲ ಬಳಿ ಗ್ರೀಸು ಮೆತ್ತಿಕೊಂಡು ಬಿದ್ದಿತ್ತು.

ಸಂದಿ ಸರಿಯಾಯಿತು. ಬ್ಲೇಡು ತಿರುಗಲಿಲ್ಲ.

ಉಳಿದದ್ದು ಹಳದಿ ಗುಬಟು ಮತ್ತು ಕ್ಲಚ್ಚು. ಗುಬಟನ್ನು ಬಿಚ್ಚಿಕೊಂಡು, ಅಂಥದ್ದೇ ಇನ್ನೊಂದನ್ನು ಹುಡುಕಲು ನಾವಿಬ್ಬರೂ ಶಿರಾದ ಗುಜರಿ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅರೇ ಸಾಬ್, ಐಸಾ ಗಾಡಿ ನಮ್ಮ ಅಬ್ಬಾನೂ ನೋಡಿಲ್ಲ, ಅಬ್ಬಾಂದು ಅಬ್ಬಾನೂ ನೋಡಿಲ್ಲ. ಆಟೋದು ಹಾರನ್ ಐತೆ, ಕೊಡ್ಲಾ?" ಎಂದರು. ಆದರೂ ಪಾಪ, ಮೀಟರ್ ಹಿಡಿದು ಗುಬಟನ್ನು ಎಳೆದು ಒತ್ತಿ ಪರೀಕ್ಷಿಸಿ, "ಇದು ಪೂರಾ ಠೀಕ್ ಐತೆ" ಎಂದು ಕೈಗಿತ್ತರು. ಅದೂ ಖುಲಾಸೆ.

ಇನ್ನು ಕ್ಲಚ್ಚೊಂದೇ. ಪಾವಗಡದಲ್ಲಿ ಪಂಪಿನ ಮೋಟಾರುಗಳಿಗೆ ಸುರುಳಿ ಸುತ್ತುವ ಒಬ್ಬರು ಇದ್ದಾರೆಂದು ಯಾರೋ ಹೇಳಿದ್ದರಿಂದ, ಮುಂದಿನ ಭಾನುವಾರ ಅಲ್ಲಿಗೆ ಹೊರಟೆವು. ಬಸ್ಸಿನಲ್ಲಿ ಭಾವ ಆ ದುಂಡನೆಯ ಕಬ್ಬಿಣವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಪಕ್ಕದ ಸೀಟಿನ ಹೆಂಗಸು ನೋಡುವಷ್ಟು ನೋಡಿ, "ಎಷ್ಟು ತಿಂಗಳ ಕೂಸು ಸ್ವಾಮಿ? ಉಸಿರಾಡ್ಲಿ, ಒಂಚೂರು ಮುಖ ತೆಗೀರಿ" ಎಂದಳು. ಭಾವ ಟವೆಲ್ ಸರಿಸಿ ತೋರಿಸಿದರು. ಆಕೆ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

ಆ ದಿನ ಭಾವ ನನಗೆ ಕೊಟ್ಟ ಇನ್ನೊಂದು ಕಾಟ ಹೇಳಬೇಕು. ಮಧುಗಿರಿ ದಾಟುವುದರೊಳಗೆ ತಮ್ಮ ಬಾಟಲಿಯ ನೀರು ಮುಗಿಸಿದರು. ಆಮೇಲೆ ನನ್ನದು. ಆಮೇಲೆ ಕಂಡಕ್ಟರದು! ಕುಡಿದ ನೀರು ಸುಮ್ಮನಿರುತ್ತದೆಯೆ? ದಾರಿಯಲ್ಲಿ ಮತ್ತೆ ಮತ್ತೆ ಬಸ್ಸು ನಿಲ್ಲಿಸಿದರು. ಪ್ರತಿ ಸಲವೂ ಕ್ಲಚ್ಚನ್ನು ನನ್ನ ತೊಡೆಗೆ ವರ್ಗಾಯಿಸಿ ಪೊದೆಯ ಕಡೆ ಓಡುತ್ತಿದ್ದರು. "ಯಜಮಾನ್ರೇ, ನಿಮಗೆ ಟಿಕೆಟ್ ಕೊಡ್ಬಾರ್ದಿತ್ತು, ಬಸ್ಸನ್ನೇ ಬಾಡಿಗೆಗೆ ಕೊಡ್ಬೇಕಿತ್ತು" ಎಂದ ಕಂಡಕ್ಟರ್. ಬಸ್ಸು ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಪಾವಗಡದ ಸುರುಳಿಯವರು ಕ್ಲಚ್ಚಿಗೆ ಮೀಟರ್ ಹಿಡಿದರು. ಆಮೇಲೆ ಅದರ ಎರಡು ವೈರುಗಳನ್ನು ಒಂದು ಬ್ಯಾಟರಿಗೆ ನೇರವಾಗಿ ಮುಟ್ಟಿಸಿದರು. 'ಟಕ್' ಎಂದಿತು. ಮೇಜಿನ ಮೇಲಿದ್ದ ಒಂದು ಮೊಳೆ ಓಡಿಬಂದು ಅಂಟಿಕೊಂಡಿತು.

"ಬಾಗುಂದಿ ಸಾರ್! ಸೆನ್ನಾಗೈತೆ. ದೀನಿಕೇಮೀ ಕಾಲೇದು, ಏನೂ ಆಗಿಲ್ಲ."

"ಏನೂ ಆಗದೇ ಇದ್ರೆ ತೋಟದಲ್ಲಿ ಯಾಕೆ ತಿರುಗ್ಲಿಲ್ಲ?" ಭಾವನ ಪಾಟೀಸವಾಲು ಶುರುವಾಯಿತು.

"ಅದು ನಾಕೇಂ ತೆಲುಸು, ನಂಗೇನು ಗೊತ್ತು ಸಾರ್? ನೀವು ಕ್ಲಚ್ಚು ತಂದ್ರಿ, ತೋಟ ತರ್ಲಿಲ್ಲ!"

ಅಂತೂ ಎಲ್ಲ ಆರೋಪಿಗಳೂ ಖುಲಾಸೆಯಾದರು. ಅಪರಾಧ ಮಾತ್ರ ಹಾಗೇ ಉಳಿಯಿತು.

ಮರುದಿನ ನಾನು ಅಂಗಡಿಯನ್ನು ಮಗನಿಗೆ ಒಪ್ಪಿಸಿ ತೋಟಕ್ಕೆ ಹೋದೆ. ಇಂಥ ತಮಾಷೆ ಬಿಟ್ಟು ಬಟ್ಟೆ ಮಾರುತ್ತ ಕೂರುವುದುಂಟೆ? ಭಾವ ಎಲ್ಲವನ್ನೂ ಮತ್ತೆ ಜೋಡಿಸಿದ್ದರು. ಸ್ಕ್ರೂಗಳು ಮಿಕ್ಕಿದ್ದವು. ಎಂಜಿನ್ ಆರಿಸಿಯೇ, ಕೀಲಿ ಮಾತ್ರ ತಿರುಗಿಸಿ, ಗುಬಟು ಎಳೆದಾಗ ಕ್ಲಚ್ಚು ಕಚ್ಚುತ್ತದೆಯೋ ಇಲ್ಲವೋ ಎಂದು ಕೆಳಗೆ ಮಲಗಿ ಕಣ್ಣಾರೆ ನೋಡಬೇಕು ಎಂಬುದು ಅವರ ಯೋಜನೆ. ಹಾಗಾದರೆ ಮೇಲೆ ಕೂತು ಗುಬಟು ಎಳೆಯುವವರು ಯಾರು? ಅಡುಗೆಮನೆಯಿಂದ ಅಕ್ಕನನ್ನು ಕರೆಸಲಾಯಿತು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ದೇವರು ಅವಳಿಗೆ ಏನನ್ನೂ ಕಡಿಮೆ ಮಾಡದೆ ಕೊಟ್ಟಿದ್ದಾನೆ. ಅವಳು ಕೂತ ರಭಸಕ್ಕೆ ಸ್ಕೂಟರಿನ ಸ್ಪ್ರಿಂಗು ಮೊದಲ ಸಲ ತಗ್ಗಿ ಬಗ್ಗಿ ನಡೆದುಕೊಂಡಿತು. ಗುಬಟು ಎಳೆದಳು.

'ಟಕ್!'

ಭಾವ ಕೆಳಗಿನಿಂದಲೇ ಕೂಗಿದರು: "ಹಿಡೀತು! ಹಿಡೀತು ಕಣೇ! ಇನ್ನೊಂದ್ಸಲ!"

'ಟಕ್!'

ಭಾವ ಎದ್ದು ಮೈ ಕೊಡವಿಕೊಂಡು, ಅಕ್ಕನನ್ನು ಇಳಿಸಿ, ತಾವು ಹತ್ತಿ ಕೂತು ಗುಬಟು ಎಳೆದರು.

ಸದ್ದಿಲ್ಲ.

ಮತ್ತೆ ಎಳೆದರು. ಸದ್ದಿಲ್ಲ. ಅಕ್ಕ ಕೂತಳು, 'ಟಕ್'. ಭಾವ ಕೂತರು, ಮೌನ. ನಾನು ಕೂತೆ, 'ಟಕ್'. ಬೇಲಿಯಾಚೆ ನಿಂತು ನೋಡುತ್ತಿದ್ದ ಜುಂಜಣ್ಣನನ್ನೂ ಕರೆದೆವು. ಅವನು ಕಂಬಳಿ ಸಮೇತ ಕೂತ, 'ಟಕ್'. ಭಾವ ಕೂತರು. ಮೌನ!

"ನಾನು ಈ ಮನೆಗೆ ಬಂದಾಗಿಂದ ಹೇಳ್ತಿವ್ನಿ, ಇಲ್ಲಿ ನಾನು ಕೂತ್ರೇನೇ ಏನಾದ್ರೂ ನಡೆಯೋದು ಅಂತ. ಇವತ್ತು ಗಾಡೀನೂ ಒಪ್ಕಂತು" ಎಂದಳು ಅಕ್ಕ.

ಜುಂಜಣ್ಣ ಹುಣಸೆ ಮರ ಹಿಡಿದುಕೊಂಡು ನಕ್ಕ. "ಕರೂಗೆ ತಾಯಿ ಯಾರು ಅಂತ ಗೊತ್ತಾಗೋಯ್ತು ಬುಡಿ ಸ್ವಾಮೇರೆ!"

ನಾನು ನಗುತ್ತ ನಗುತ್ತ ನೆಲಕ್ಕೇ ಕೂತುಬಿಟ್ಟೆ. ಭಾವ ಮಾತ್ರ ನಗಲಿಲ್ಲ. ಹಣೆಗೆ ಕೈಯಿಟ್ಟು ಯೋಚಿಸಿದರು. ಇದ್ದಕ್ಕಿದ್ದಂತೆ ಸೀಟನ್ನು ಎತ್ತಿ ಅದರಡಿಗೆ ತಲೆ ಹಾಕಿದರು. ಅಲ್ಲಿ, ಅವರೇ ತುರುಕಿದ ಸ್ಪ್ರಿಂಗಿನ ನಡುವೆ ಒಂದು ಪುಟ್ಟ ಗುಂಡಿ ಇತ್ತು. ಅದನ್ನು ಬೆರಳಿನಿಂದ ಒತ್ತಿ ಗುಬಟು ಎಳೆದರು. 'ಟಕ್!'

ಸವಾರಿ ಮಾಡುವವನು ಆಯತಪ್ಪಿ ಕೆಳಗೆ ಬಿದ್ದರೆ ಬ್ಲೇಡು ತಾನಾಗಿ ನಿಲ್ಲಲಿ ಎಂದು ಇಟ್ಟ ಗುಂಡಿಯಂತೆ ಅದು. ಸೀಟಿನ ಮೇಲೆ ಭಾರ ಬಿದ್ದು ಗುಂಡಿ ಅದುಮಿಕೊಂಡರೆ ಮಾತ್ರ ಕ್ಲಚ್ಚಿಗೆ ಕರೆಂಟು. ಸ್ಪ್ರಿಂಗ್ ಹಾಕುವಾಗಲೇ ಭಾವ ಅದನ್ನು ನೋಡಿದ್ದರಂತೆ. ಹಾರನ್ ಇರಬೇಕು, ಕೆಟ್ಟಿದೆ ಎಂದುಕೊಂಡು ಬಿಟ್ಟಿದ್ದರಂತೆ! ಹಾರನ್ನಿನ ಮೇಲೆ ಕೂತು ಗಾಡಿ ಓಡಿಸುವ ಜನ ಯಾವ ದೇಶದಲ್ಲಿದ್ದಾರೋ, ಭಾವನನ್ನೇ ಕೇಳಬೇಕು.

ಅವರು ಹಜಾರಕ್ಕೆ ಓಡಿದರು. ರಾಗಿಯ ಒಂದು ಚೀಲವನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಬಂದರು. ಟ್ರ್ಯಾಕ್ಟರು ಹತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗುಬಟು ಎಳೆದರು.

'ಟಕ್!'

"ಕೇಸು ಮುಗೀತು! ಕಂಡುಹಿಡಿದೋರು ಯಾರು? ನಾನು! ಮೆಕ್ಯಾನಿಕ್ ಬೇಕಂತೆ ಮೆಕ್ಯಾನಿಕ್!" ಎಂದು ರಾಗಿ ಚೀಲದ ಮೇಲಿಂದ ಇಣುಕಿ ನಮ್ಮನ್ನೆಲ್ಲ ನೋಡಿದರು. ಮುಖದಲ್ಲಿ ಎಂಥ ಗೆಲುವು! ನಾನು ಚಪ್ಪಾಳೆ ತಟ್ಟಿದೆ. ಜುಂಜಣ್ಣ ಸಿಳ್ಳೆ ಹಾಕಿದ.

ಅಕ್ಕ ನಗುವುದನ್ನು ನಿಲ್ಲಿಸಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಟ್ರ್ಯಾಕ್ಟರಿನ ಹತ್ತಿರ ಬಂದಳು.

"ರೀ. ಹೋದ್ವರ್ಷಾನೂ ಇದೇ ಸೀಟಲ್ವಾ?"

"ಹೂಂ. ಇದೇ."

"ಸ್ಪ್ರಿಂಗೂ ಇದೇ?"

"ಅದೇ ಸ್ಪ್ರಿಂಗು. ಏನೀಗ?"

"ಹೋದ್ವರ್ಷ ರಾಗಿ ಚೀಲ ಇಟ್ಕಳ್ದೆ ಹೆಂಗ್ರೀ ಓಡ್ತಿತ್ತು?"

ಭಾವ ಗುಬಟನ್ನು ಒಮ್ಮೆ ಒತ್ತಿ, ಮತ್ತೆ ಎಳೆದರು. ಚೀಲವನ್ನು ತಬ್ಬಿಕೊಂಡ ಅವರ ಕೈಗಳನ್ನು ನಾನು ಆಗ ನೋಡಿದೆ. ಮುಂಗೈಯ ಗಡಿಯಾರ ಜಾರಿ ಮೊಣಕೈ ಹತ್ತಿರ ಬಂದು ನಿಂತಿತ್ತು. ಸೊಂಟದ ಬೆಲ್ಟಿಗೆ ಕಾದ ಮೊಳೆಯಲ್ಲಿ ಹೊಸದಾಗಿ ತೂತು ಹಾಕಿಕೊಂಡಿದ್ದರು, ಒಂದರ ಪಕ್ಕ ಒಂದು. ಯುಗಾದಿಗೆ ನಾನೇ ಕೊಟ್ಟ ಅಂಗಿ ಜೋತುಬಿದ್ದಿತ್ತು. ಹೊಲಿದವನು ಅಳತೆ ಕೆಡಿಸಿದ ಎಂದು ಆಗ ನಾನು ದರ್ಜಿಗೆ ಬೈದಿದ್ದೆ. "ತೋಟದ ಕೆಲ್ಸ ಕಣಯ್ಯಾ, ಬೊಜ್ಜೆಲ್ಲ ಕರಗ್ತಾ ಐತೆ" ಎಂದು ಭಾವ ಹೊಟ್ಟೆ ತಟ್ಟಿ ತೋರಿಸುತ್ತಿದ್ದರು, ನಾವೆಲ್ಲ ಭೇಷ್ ಎನ್ನುತ್ತಿದ್ದೆವು. ಅಳತೆಯೇ ಕಸುಬಾದ ನಾನು!

ಜುಂಜಣ್ಣ ಬಂದು ಅವರ ತೊಡೆಯಿಂದ ಚೀಲ ಇಳಿಸಿದ.

"ಇಳೀರಿ. ಆಸ್ಪತ್ರೆಗೆ ಹೋಗಣ" ಎಂದಳು ಅಕ್ಕ.

"ಯಾಕೆ? ಏನಾಗೈತೆ ನಂಗೆ? ಮುಂದಿನ ವಾರ ನೋಡಣ ಬುಡೇ—"

"ಇಳೀರಿ ಅಂದೆ."

ಭಾವ ಇಳಿದರು.

ಮಧುಗಿರಿಯ ಡಾಕ್ಟರು ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿ, ಮತ್ತೊಮ್ಮೆ ಚುಚ್ಚಿ ನೋಡಿದರು. ಅವರ ಯಂತ್ರವೇ ಕೆಟ್ಟಿದೆಯೇನೋ ಎಂದು ಅವರಿಗೆ ಅನುಮಾನ ಬರುವಷ್ಟು ಸಕ್ಕರೆ ಇತ್ತು ಭಾವನ ಮೈಯಲ್ಲಿ. "ನೀರು ಜಾಸ್ತಿ ಕುಡೀತಿದ್ರಾ? ಪದೇ ಪದೇ ಹೊರಗೆ ಹೋಗ್ತಿದ್ರಾ?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನಿಂತೆ. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಎಲ್ಲಾದರೂ ಜ್ಞಾನ ತಪ್ಪಿ ಬೀಳುತ್ತಿದ್ದರು, ಎಬ್ಬಿಸುವುದು ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಅಂದೇ ಸಂಜೆ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು.

ಭಾವ ಅಲ್ಲಿ ಮಂಚದ ಎತ್ತರ ತಗ್ಗಿಸುವ ಹಿಡಿಕೆಯನ್ನು ಬಿಚ್ಚಲು ಹೋಗಿ ನರ್ಸಿನಿಂದ ಬೈಸಿಕೊಂಡರು ಎಂದು ಗೊತ್ತಾದ ದಿನ, ಅವರು ಉಳಿಯುತ್ತಾರೆ ಎಂದು ನಮಗೆಲ್ಲ ಧೈರ್ಯ ಬಂತು.

ಈಗ ಅವರು ಮನೆಯಲ್ಲಿದ್ದಾರೆ. ಇನ್ಸುಲಿನ್ ಸೂಜಿಯನ್ನು ತಾವೇ ಚುಚ್ಚಿಕೊಳ್ಳುತ್ತಾರೆ, ಬೇರೆ ಯಾರನ್ನು ನಂಬುತ್ತಾರೆ ಹೇಳಿ? ಅಕ್ಕ ಬೇಲಿಯ ಗೇಟು ತೆರೆದು ಜುಂಜಣ್ಣನ ಕುರಿಗಳನ್ನು ತೋಟಕ್ಕೆ ಬಿಟ್ಟಿದ್ದಾಳೆ. ಭಾವ ಜಗಲಿಯ ಮೇಲೆ ಕೂತು ಒಂದೊಂದು ಕುರಿಯ ಮೇಲೂ ಪ್ರತ್ಯೇಕ ಆಕ್ಷೇಪಣೆ ಎತ್ತುತ್ತಿರುತ್ತಾರೆ. "ಲೇ ಜುಂಜಣ್ಣ, ಆ ಬಿಳೇದು ಸಸಿ ಕಡೆ ನೋಡ್ತಾ ಐತೆ!" "ನೋಡ್ಲಿ ಬುಡಿ ಸ್ವಾಮೇರೆ, ನೋಡಿದ್ರೆ ಏನೋಯ್ತದೆ?"

ಮೊನ್ನೆ ಭಾನುವಾರ ನಾನು ಒಂದು ಸ್ಪ್ಯಾನರ್ ತೆಗೆದುಕೊಂಡು ಹೋಗಿದ್ದೆ. ಹುಣಸೆ ಮರದಡಿ ನಿಂತಿದ್ದ ಟ್ರ್ಯಾಕ್ಟರಿನ ಸೀಟನ್ನು ಎತ್ತಿ ಬಿಚ್ಚಲು ಬಗ್ಗಿದೆ. ಅಕ್ಕ ಹಿಂದಿನಿಂದ ಬಂದು ಸ್ಪ್ಯಾನರ್ ಹಿಡಿದುಕೊಂಡಳು.

"ಏನ್ಮಾಡ್ತಿದೀಯೋ?"

"ಈ ಸ್ಪ್ರಿಂಗ್ ತೆಗೆದ್ಬಿಡ್ತೀನಿ ಅಕ್ಕ. ಒಂದು ಚಿಕ್ಕ ಕೆಲ್ಸ. ಆಮೇಲೆ ಭಾವ ಕೂತ್ರೂ ಓಡುತ್ತೆ. ಪಾಪ, ಅದರ ಮೇಲೇ ಕಣ್ಣು ಅವರಿಗೆ."

"ಮುಟ್ಬ್ಯಾಡ."

"ಯಾಕಕ್ಕ?"

ಅಕ್ಕ ಜಗಲಿಯ ಕಡೆ ತಿರುಗಿ ನೋಡಿದಳು. ಭಾವ ಕುರಿಗಳ ಮೇಲೆ ಕೂಗಾಡುವುದರಲ್ಲಿ ಮುಳುಗಿದ್ದರು. ಅಕ್ಕನ ದನಿ ಇಳಿಯಿತು.

"ಒಂದೇ ತಟ್ಟೆಗೆ ಬಡಿಸ್ದೆ ಕಣೋ ಇಷ್ಟು ದಿನ. ಒಂದೇ ಸೂರಿನಡಿ ಮಲಗಿದ್ದೆ. ನಂಗೇ ಕಾಣ್ಲಿಲ್ಲ. ನಾವೆಲ್ಲ 'ಸಣ್ಣಾಗವ್ರೆ, ಚೆಂದಾಗವ್ರೆ' ಅಂದ್ಕಂಡು ಓಡಾಡ್ತಿದ್ವಿ. ಇದೊಂದೇ ಅಲ್ವೇನೋ ಇವ್ರು ಹಗುರಾಗೋದ್ರು, ಹಗುರಾಗೋದ್ರು ಅಂತ ಬಡ್ಕಂತಾ ಇದ್ದಿದ್ದು? ಇರ್ಲಿ, ಹಂಗೇ ಇರ್ಲಿ. ಅವ್ರು ಮೈ ತುಂಬ್ಕಳ್ಳಿ. ತುಂಬ್ಕಂಡ್ ಮ್ಯಾಕೆ ತಾನೇ ಓಡ್ತದೆ."

ನಾನು ಸ್ಪ್ಯಾನರ್ ಬಿಟ್ಟೆ. ಅಕ್ಕ ಸೀಟನ್ನು ಇಳಿಸಿ, ಅದರ ಮೇಲೆ ಉದುರಿದ್ದ ಹುಣಸೆ ಎಲೆಗಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಜಗಲಿಯ ಕಡೆ ಮುಖ ಮಾಡಿ ದನಿ ಎತ್ತರಿಸಿದಳು.

"ರೀ, ಏಳಿ. ಉಣ್ಣೋ ಹೊತ್ತಾಯ್ತು."

"ಈಗ್ತಾನೇ ಮುದ್ದೆ ಉಂಡ್ನಲ್ಲೇ!"

"ಅದು ಅರ್ಧ ಮುದ್ದೆ. ಡಾಕ್ಟ್ರು ಹೇಳಿದ್ರಲ್ಲ, ಇನ್ನರ್ಧ ಐತೆ, ಬನ್ನಿ."

ಭಾವ ನನ್ನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ಆಮೇಲೆ ಜಗಲಿಯ ಕಂಬ ಹಿಡಿದು ಮೆಲ್ಲಗೆ ಎದ್ದು, ಕೈ ತೊಳೆಯಲು ಹೋದರು.